ದೇವರ ಪಾಳಿ

ಶಹಾಪುರ
೧೨ ಫೆಬ್ರವರಿ ೨೦೨೬

ರಾಧಿಕಾ,

ಹ್ಯಾಂಗಿದ್ದಿ ಅಂತ ಕೇಳಂಗಿಲ್ಲ. ಕೇಳಿದ್ರೂ ನೀ ಹೇಳಂಗಿಲ್ಲ ಅಂತ ಗೊತ್ತದ. ಫೋನ್ ಬ್ಲಾಕ್ ಮಾಡೀದಿ, ವಾಟ್ಸಾಪಿನಾಗ ನಿನ್ನ ಫೋಟೋನೂ ಕಾಣವಲ್ದು. ಆದ್ರ ಬೋನಾಳದ ಪೋಸ್ಟಮನ್‌ನ ಬ್ಲಾಕ್ ಮಾಡಾಕ ಬರೂದಿಲ್ಲಲ್ಲ, ಅದಕ್ಕ ಈ ಕಾಗದ. ಸುರಪುರದಾಗ ಇಬ್ಬರೂ ಕೂಡಿ ಡಿಪ್ಲೊಮಾ ಪರೀಕ್ಷಾ ಬರದ ಮ್ಯಾಲ ಇಷ್ಟುದ್ದ ಕೈಲೆ ಬರದಿದ್ದು ಇದಾ ಮೊದಲು. ಅಕ್ಷರ ನೋಡಿ ನಗಬ್ಯಾಡ.

ಕೆಲಸದ ಮಾತಿಗೆ ಬರ್ತೀನಿ. ನನ್ನ 'ಹೂಡು' ನೀ ಮರ್ತಿಲ್ಲಂತ ತಿಳೀತೀನಿ. ಆಫೀಸಿಗೆ ಹೊಸಾ ಊರು ಬಂತಂದ್ರ ಫೋಲ್ಡರ್ ಕಟ್ಟಿ, ಕಾಲುವಿ ನೀರಿನ ಪಾಳಿ ಯಾವ ರೈತಗ ಯಾವಾಗ ಅಂತ ಲೆಕ್ಕ ಕೂಡ್ಸಿ, ಅವರವರ ಫೋನಿಗೆ ಮೆಸೇಜ್ ಹೋಗೂಹಂಗ ಎಲ್ಲಾ ಒಂದಾ ಏಟಿಗೆ ತಯಾರು ಮಾಡೋ ಪ್ರೋಗ್ರಾಮು. ಎರಡು ದಿನದ ಕೆಲಸ ಹತ್ತು ನಿಮಿಷಕ್ಕ ಮುಗೀತದ. ಅಂಥಾದ್ದು ಈ ಜಿಲ್ಲಾದಾಗ ಇನ್ನೊಬ್ರು ಬರದಿಲ್ಲ. ನಾನಾ ಹೇಳ್ಕೊಳ್ಳಾಕತ್ತೀನಿ, ನಾಚಿಗಿ ಏನಿಲ್ಲ.

ಈಗ ನಮ್ಮ ಮಾಲಕರು ವಿಶ್ವರಾಧ್ಯ ಸರ್ ಒಮ್ಮೆಗೇ ಅರವತ್ತು ಊರು ಒಪ್ಕೊಂಡು ಕುಂತಾರ. ಮಳಿಗಾಲದಾಗ ಕಾಲುವಿ ಬಿಡೂದ್ರಾಗ ಎಲ್ಲಾ ಹೂಡಿ ಮುಗಸಬೇಕು. ನನ್ನವು ಎರಡಾ ಕೈ. ಅದಕ್ಕ ಎಐ ಏಜೆಂಟಿನ ಕೈಲೆ ಮಾಡಸೂದು ಅಂತ ಠರಾವು ಆಗ್ಯಾದ. ಏಜೆಂಟು ಅಂದಕೂಡಲೇ ನಮ್ಮವ್ವ ಗೊಲ್ಲಾಳಮ್ಮ, "ವಿಮಾದಂವ ಏನು? ಮನಿಗೆ ಕರಕೊಂಡು ಬರಬ್ಯಾಡ ನೋಡು" ಅಂದಳು. ಇಲ್ಲಬೇ, ಇದು ಕಂಪ್ಯೂಟರಿನಾಗ ಇದ್ದು, ನಾವು ಬರದಿದ್ದು ಓದಿ, ತಾನಾ ಕೆಲಸ ಮಾಡೋದು ಅಂತ ತಿಳಿಸಿ ಹೇಳಿದೆ. ಹೇಳಿದ್ದು ಅಕಿಗೆ ಖರೇ ಅನಿಸಿಲ್ಲ.

ಆ ಏಜೆಂಟ್ ಓದಾಕ 'ಹೂಡು' ನಡಸೂದು ಹ್ಯಾಂಗ ಅಂತ ನಾ ಬರೀಬೇಕು. ನನ್ನ ಹಳೇ ಟಿಪ್ಪಣಿ ನಾಕಾ ಹಾಳಿ. ನೀ ಅದನ್ನ ನೀಲಿ ರಟ್ಟಿನ ವಹಿಯೊಳಗ ಇಳಿಸ್ಕೊಂಡು, ಬಾಜೂಕ ನಿನ್ನ ಪ್ರಶ್ನೆ, ನಿನ್ನ ಗುರುತು ಹಾಕ್ತಿದ್ದಿ. ಆ ವಹಿ ನನಗ ಬೇಕು. ಯಾರರೆ ಶಹಾಪುರದ ಕಡೆ ಬರೋರಿದ್ರ ಕೊಟ್ಟು ಕಳಸು.

ಸಗರದಾಗ ಆಗಿದ್ದು ಆಗಿಹೋತು. ನಾನಂತೂ ಮನಸ್ಸಿನಾಗ ಇಟ್ಕೊಂಡಿಲ್ಲ.

ಇಂತಿ,
ಬಸವೇಶ್ವರಿ


ಬೋನಾಳ
೨೬ ಫೆಬ್ರವರಿ ೨೦೨೬

ಬಸವೇಶ್ವರಿ ಅವರಿಗೆ,

ನೀವು ಮನಸ್ಸಿನಾಗ ಇಟ್ಕೊಂಡಿಲ್ಲ ಅಂತ ಓದಿ ಸಂತೋಷ ಆತ್ರಿ. ನಾ ಇಟ್ಕೊಂಡೀನ್ರಿ.

ನಿಮಗ ಮರ್ತಿರಬಹುದು, ಅದಕ್ಕ ನೆನಪು ಮಾಡ್ತೀನ್ರಿ. ಹೋದ ಶ್ರಾವಣದಾಗ ಸಗರ ಹೂಡಿದ್ದು ನಾನು. ನಾ ಒಬ್ಬಾಕಿನಾ ಕುಂತು ಮಾಡಿದ್ದು ಅದಾ ಮೊದಲನೇ ಊರು. ಇಪ್ಪತ್ತೆಂಟು ಮಂದಿ ರೈತರು, ಒಬ್ಬೊಬ್ಬರಿಗೆ ಆರು ತಾಸು, ವಾರಕ್ಕ ಸರಿಯಾಗಿ ಒಂದು ಸುತ್ತು. ಕಾಲುವಿ ಬಿಟ್ಟ ದಿನ ಮೊದಲನೇ ಆರು ತಾಸು ಯಾರೂ ಗದ್ದಿಗೆ ಬರಲಿಲ್ಲ, ನೀರೆಲ್ಲಾ ಹಳ್ಳ ಸೇರಿತು. ಕಡೀ ಹೆಸರು ಹಣಮಂತಮ್ಮ ಆಯಿದು. ಆಕಿ ಪಾಳಿ ಬರೂದ್ರಾಗ ವಾರ ಮುಗದು ತೂಬು ಮುಚ್ಚಿದ್ರು. ಆಗಷ್ಟಾ ನಾಟಿ ಮಾಡಿದ ಎರಡು ಎಕರೆ ಭತ್ತ, ಮತ್ತೊಂದು ಸುತ್ತು ನೀರು ಬರೂತನಕ ಒಣಗಿ ಹೋತ್ರಿ.

ಊರ ಮಂದಿ ನಿಮ್ಮ ಆಫೀಸಿಗೆ ಬಂದಾಗ ನೀವು ಅವರ ಮುಂದನಾ ಕುಂತು ತಿರುಗಿ ಹೂಡಿದ್ರಿ. ಹತ್ತು ನಿಮಿಷಕ್ಕ ಬರೋಬರಿ ಬಂತು. "ನನ್ನ ಕೈಯಾಗ ಹನ್ನೊಂದು ಊರಿಗೆ ಬಂದಿದ್ದು ಇಕಿ ಕೈಯಾಗ ಯಾಕ ಬರಂಗಿಲ್ಲ?" ಅಂದ್ರಿ. "ಟಿಪ್ಪಣಿಯೊಳಗ ಬರದಂಗನಾ ಮಾಡೀನಿ" ಅಂದೆ ನಾ. ಅದಕ್ಕ ನೀವು, "ಕುಣಿಲಾರದಾಕಿ ನೆಲ ಡೊಂಕು ಅಂದಳಂತ" ಅಂದ್ರಿ. ಎಲ್ಲಾರೂ ನಕ್ಕರು.

ನಮ್ಮಪ್ಪ ಮರಿಲಿಂಗಪ್ಪ ತಿಂಥಣಿ ಹೊಳಿಯಿಂದ ಮೀನು ತಂದು ಸುರಪುರದಾಗ ಮಾರ್ತಾನ್ರಿ. ಅಲ್ಲಿಗೆ ಬರೋ ಸಗರದವರು ಅವನ್ನ ಈಗ ಹೆಸರಿಡದು ಕರಿಯಂಗಿಲ್ಲ. "ಗದ್ದಿ ಒಣಗಿಸಿದಾಕಿ ಅಪ್ಪ" ಅಂತಾರ. ಅವ ಸುಮ್ಮ ತಕ್ಕಡಿ ಹಿಡೀತಾನ.

ನಾ ಸುರಪುರದಾಗ ಒಂದು ಆನ್‌ಲೈನ್ ಅಂಗಡ್ಯಾಗ ಅರ್ಜಿ ತುಂಬೋ ಕೆಲಸ ಹಿಡದೀನಿ. ಆರಾಮ ಅದೀನ್ರಿ. ವಹಿ ಕಳಸಂಗಿಲ್ಲ.

ಇತಿ,
ರಾಧಿಕಾ ಮರಿಲಿಂಗಪ್ಪ


ಶಹಾಪುರ
೨೧ ಮಾರ್ಚ್ ೨೦೨೬

ರಾಧಿಕಾ,

ಎಷ್ಟು 'ರಿ' ಹಾಕೀದಿ ಮಾರಾಯ್ತಿ! ನಾ ಏನು ತಹಸೀಲ್ದಾರ ಆಗೀನೇನು? ವಹಿ ಕಳಸಬ್ಯಾಡ, ಬಿಡು. ವಹಿ ಇಲ್ಲದಾ ಬರೀತೀನಿ, ಬರದು ತೋರಸ್ತೀನಿ.

ಯುಗಾದಿ ಹೋಳಿಗಿ ತಿಂದು ಎರಡು ದಿನ ಆಗಿಲ್ಲ, ಆ ಏಜೆಂಟು ನನ್ನ ತಲಿ ತಿಂದು ಮುಗಿಸ್ಯಾದ. ನಾಕು ಹಾಳಿ ಹಂಗಾ ಕೊಟ್ಟೆ. "ಪಟ್ಟಿ ಬಂದಮ್ಯಾಲ ಮಾಮೂಲಿನಂಗ ಮುಂದುವರಿ" ಅಂತ ಬರದಿದ್ದೆ. ಅಲ್ಲೇ ನಿಂತುಬಿಡ್ತು. "ಮಾಮೂಲಿ ಎಂದರೆ ಯಾವುದು? ಈ ಬರಹದಲ್ಲಿ ಅದರ ವಿವರ ಇಲ್ಲ" ಅಂತದ. ಸಾಲಿ ಮಾಸ್ತರ ಭಾಷಾ ಮಾತಾಡ್ತದ ಅದು. ಸರಿ, ತಿದ್ದಿ ಕೊಟ್ಟೆ. ಮುಂದ "ಜರಾ ನೋಡ್ಕೊಂಡು ಮೆಸೇಜ್ ಬಿಡು" ಅಂತಿತ್ತು. "ಏನನ್ನು ನೋಡಬೇಕು?" ಅಂತ ಕೇಳ್ತು. ಯಪ್ಪಾ! ಎದ್ದು ಹೋಗಿ ಎರಡು ಚಾ ಕುಡದು ಬಂದೆ.

ಅವ್ವನ ಮುಂದ ಬಡಕೊಂಡೆ. ಅಕಿ ರೊಟ್ಟಿ ಬಡೀತಾ ಕುಂತಿದ್ದಳು. "ನಿಮ್ಮ ವೈನಿ ಸೊಸಿಯಾಗಿ ಬಂದ ಹೊಸತಾಗ ಹಿಟ್ಟಿಗೆ ನೀರು ಎಷ್ಟು ಅಂತ ಕೇಳಿದ್ಳು. ಹಿಟ್ಟು ಬೇಡಿದಷ್ಟು ಅಂದೆ. ಎಂಟು ದಿನ ರೊಟ್ಟಿ ಹರದು ಹರದು ಬಂದ್ವು. ಆಮ್ಯಾಲ ಅಕಿ ಕೈ ಹಿಡದು ಹಿಟ್ಟಿನಾಗ ಇಟ್ಟೆ" ಅಂದಳು. ಏಜೆಂಟಿಗೆ ಕೈಯೆಲ್ಲಿ ಅದ ಹಿಡದು ಇಡಾಕ? ಎಲ್ಲಾ ಬರದಾ ತಿಳಸಬೇಕು. ಈಗ ಕೀಲಿ ಒತ್ತಿದಾಗೊಮ್ಮೆ ನಿಂತು, ನಾ ಈಗ ಏನು ಮಾಡಿದೆ, ಯಾಕ ಮಾಡಿದೆ ಅಂತ ನನ್ನನ್ನಾ ಕೇಳ್ಕೊಂಡು ಬರೀತೀನಿ. ನಾಕು ಹಾಳಿ ಮೂವತ್ತೊಂದು ಆಗ್ಯಾವ.

ಸೊಕ್ಕು ಅಂದ್ರ ಅನ್ನು, ಬಾಳ ಚೆಂದ ಬಂದಾದ. ಬರೂ ವಾರ ಪರೀಕ್ಷಾ. ಸಗರದ ಹಳೇ ಪಟ್ಟೀನಾ ಕೊಟ್ಟು ನೋಡ್ತೀನಿ, ಅದರ ಸರಿ ಉತ್ತರ ನನ್ನ ಕಡೆ ಅದ. ಏಜೆಂಟು ಬರೋಬರಿ ಹೂಡಿದ್ರ, ಬರದಂಗ ಮಾಡಿದ್ರ ತಪ್ಪಾಗಂಗಿಲ್ಲ ಅಂತ ನಿನಗೂ ಗೊತ್ತಾಗ್ತದ.

ಇಂತಿ,
ಬಸವೇಶ್ವರಿ


ಶಹಾಪುರ
೪ ಏಪ್ರಿಲ್ ೨೦೨೬

ರಾಧಿಕಾ,

ಕುಂತು ಓದು. ನಡುವ ಹರದು ಒಗೀಬ್ಯಾಡ.

ಸಗರದ ಹಂಪಣ್ಣ ಮುತ್ಯಾ ಕೈಲೆ ಬರದುಕೊಟ್ಟ ರೈತರ ಹೆಸರಿನ ಪಟ್ಟಿ ನಮ್ಮ ಫೈಲಿನಾಗ ಇನ್ನೂ ಅದ. ಅದರ ಫೋಟೋ, ನನ್ನ ಮೂವತ್ತೊಂದು ಹಾಳಿ, ಎರಡೂ ಏಜೆಂಟಿಗೆ ಕೊಟ್ಟೆ. ಒಂದು ಪ್ರಶ್ನೆ ಕೇಳಲಿಲ್ಲ. "ಇಪ್ಪತ್ತೊಂಬತ್ತು ಪಾಳಿಗಳು ಸಿದ್ಧ" ಅಂತು. ಇಪ್ಪತ್ತೊಂಬತ್ತು ಎಲ್ಲಿಂದ ಬಂದ್ವು ಅಂತ ತಗದು ನೋಡಿದೆ. ಸೋಮವಾರ ಮುಂಜಾನಿ ಆರರಿಂದ ಹನ್ನೆರಡರ ತನಕ ಮೊದಲನೇ ಪಾಳಿ ಯಾರಿಗೆ ಗೊತ್ತೇನು? 'ಶ್ರೀ ಮಲ್ಲಯ್ಯ ಪ್ರಸನ್ನ'.

ನಕ್ಕೆ. ಖರೇ ಹೇಳ್ತೀನಿ, ಹೊಟ್ಟಿ ಹಿಡಕೊಂಡು ನಕ್ಕೆ, ದೇವರಿಗೆ ಆರು ತಾಸು ನೀರು ಬಿಟ್ಟದಲ್ಲ ಅಂತ. ಆಮ್ಯಾಲ ಕೆಳಗ ಕೆಳಗ ನೋಡ್ಕೋತ ಹೋದೆ. ಎಲ್ಲಾರ ಪಾಳಿ ಆರಾರು ತಾಸು ಹಿಂದ ಸರದಿತ್ತು. ಕಡೀಕ ಹಣಮಂತಮ್ಮ, ವಾರದ ಹೊರಗ. ಹೋದ ಶ್ರಾವಣದ ಪಟ್ಟಿ ಇದಾ ಇತ್ತು. ಒಂದು ಗೆರಿ ಹೆಚ್ಚಿಲ್ಲ, ಒಂದು ಗೆರಿ ಕಮ್ಮಿಲ್ಲ. ನಗು ಅಲ್ಲೇ ಆರಿತು.

ಯಾಕ ಹಿಂಗ ಮಾಡೀದಿ ಅಂತ ಏಜೆಂಟಿಗೆ ಸಿಟ್ಟಿನಲೆ ಕೇಳಿದೆ. ಅದಕ್ಕ ಸಿಟ್ಟೂ ಇಲ್ಲ, ಹೆದರಿಕಿನೂ ಇಲ್ಲ. "ಪುಟ ಮೂರರ ಸೂಚನೆಯಂತೆ ಪಟ್ಟಿಯ ಎಲ್ಲಾ ಸಾಲುಗಳನ್ನು ಮೇಲಿನಿಂದ ಸೇರಿಸಿದ್ದೇನೆ" ಅಂತು. ಪುಟ ಮೂರು ತಗದೆ. ಹಂಗಾ ಬರದದ. ನನ್ನ ಟಿಪ್ಪಣಿಯೊಳಗೂ ಹಂಗಾ ಇತ್ತು.

ಆ ಹನ್ನೊಂದು ಊರಿನ ಕಾಗದಾನೂ ಹೊರಗ ಹಾಕಿದೆ. ಎಲ್ಲಾದ್ರ ಮ್ಯಾಲೂ ಒಂದೊಂದು ದೇವರ ಹೆಸರು ಅದ. ದೇವರ ಹೆಸರಿಲ್ಲದ ಪಟ್ಟಿ ನಮ್ಮ ಕಡೆ ಯಾರು ಬರೀತಾರ? ನಾ ಹೂಡಿದ್ರಾಗ ಮಾತ್ರ ಒಂದರಾಗೂ ಇಲ್ಲ. ನನ್ನ ಕೈ ತಾನಾ ಆ ಸಾಲು ದಾಟಿ ಕೆಳಗಿಳೀತಿತ್ತು. ಬಿಡ್ತೀನಿ ಅನ್ನೋದು ನನಗಾ ಗೊತ್ತಿರಲಿಲ್ಲ. ಅವತ್ತ ಊರ ಮಂದಿ ಮುಂದ ತಿರುಗಿ ಹೂಡಿದಾಗೂ ಕೈ ಅದನ್ನಾ ಮಾಡ್ತು. ಅದಕ್ಕಾ ನನಗ ಬರೋಬರಿ ಬಂತು, ನಿನಗ ಬರಲಿಲ್ಲ. ನಾ ಬರದಂಗ ನೀ ಮಾಡಿದ್ದಿ.

ವಿಶ್ವರಾಧ್ಯ ಸರ್‌ಗೆ ಹೇಳಿದೆ. "ಒಂದು ಸಾಲು ಸೇರಿಸಿಬಿಡ್ರಿ, ಮುಗೀತು. ಹಳೇದು ಯಾಕ ಕೆದರ್ತೀರಿ, ಹೊಸಾ ಊರಿನವ್ರು ಬರೋ ಹೊತ್ತು ಇದು" ಅಂದ್ರು. ನಿನ್ನ ಮುಂದ ಸುಳ್ಳು ಯಾಕ, ಒಂದು ದಿನ ಪೂರಾ ನನಗೂ ಅದಾ ಚೊಲೋ ಅನಿಸಿತ್ತು.

ತಪ್ಪು ನಂದು, ರಾಧಿಕಾ. ಮಾಫಿ ಮಾಡು.

ಬಸವೇಶ್ವರಿ


ಬೋನಾಳ
೧೮ ಏಪ್ರಿಲ್ ೨೦೨೬

ಬಸವೇಶ್ವರಿ,

ಈ ಸಲ 'ರಿ' ಇಲ್ಲ. ಇಷ್ಟು ಸಿಟ್ಟಿನಾಗ 'ರಿ' ಬರೂದಿಲ್ಲ.

ಬೈದಿದ್ದು ಮಂದಿ ಮುಂದ, ಮಾಫಿ ಲಕೋಟಿಯೊಳಗ. ಇದು ಯಾವ ಊರ ನ್ಯಾಯ?

ಇದರ ಜೋಡಿ ವಹಿಯ ಒಂದು ಹಾಳಿ ಝೆರಾಕ್ಸ್ ಇಟ್ಟೀನಿ. ಓದು. ನಿನಗ ಓದಾಕ ಪುರಸತ್ತು ಇರಂಗಿಲ್ಲ, ನಾನಾ ಇಲ್ಲಿ ಬರೀತೀನಿ: "ಸಗರ. ಪಟ್ಟಿ ಮ್ಯಾಲ ದೇವರ ಹೆಸರದ. ಹಾಕಬೇಕೋ ಬಿಡಬೇಕೋ? ಗೆಳತಿ ಬಸ್ಸಿಗೆ ಫೋನ್ ಮಾಡಿದೆ, ನಾಕು ಗಂಟೇಕ. 'ಇದ್ದದ್ದು ಇದ್ದಂಗ ಹಾಕು, ನನಗ ಪುರಸತ್ತಿಲ್ಲ' ಅಂದಳು."

ನಾ ಕೇಳಿದ್ದೆ. ನೀ ಹೇಳಿದ್ದಿ. ಹಿರ್ಯಾ ಮನಿಶ್ಯಾ ಬರದ ದೇವರ ಹೆಸರು ನಾನಾ ಹೊಡದು ಹಾಕಾಕ ಬರ್ತದೇನು? ಇದ್ದಂಗ ಹಾಕಿದೆ.

ಅವತ್ತ ಯಾಕ ತೋರಿಸಲಿಲ್ಲ ಅಂತೀಯೇನು? ತೋರಸಾಕ ವಹಿ ತಗದಿದ್ದೆ. ಅಷ್ಟ್ರಾಗ ನೀ ನೆಲ ಡೊಂಕಿನ ಗಾದಿ ಹೇಳಿದಿ. ಹಿಂದಿನಿಂದ ಒಬ್ಬವ, "ಹೊಳಿ ದಂಡಿ ಮಂದಿಗೆ ಗದ್ದಿ ನೀರಿನ ಕಿಮ್ಮತ್ತು ಏನು ಗೊತ್ತು" ಅಂದ. ಅದು ನಿನ್ನ ಕಿವಿಗೂ ಬಿತ್ತು. ನಾ ನಿನ್ನ ಮಾರಿ ನೋಡಿದೆ. ನಾಕು ವರ್ಷ ಒಂದಾ ಡಬ್ಬಿಯೊಳಗ ಉಂಡಾಕಿ ನೀ, ಒಂದು ಮಾತು ಅನ್ನಲಿಲ್ಲ. ನೀರು ಹೋಗಿದ್ದು ಹಣಮಂತಮ್ಮ ಆಯಿದು. ನನ್ನ ಮಾನ ಹೋಗಿದ್ದು ಆ ಹೊತ್ತಿಗೆ.

ಈಗ ಮಷೀನು ಕೇಳಿದ್ರ ಚಾ ಕುಡದು ಬಂದು ಕುಂತು, ಮೂವತ್ತೊಂದು ಹಾಳಿ ಬರದು ಹೇಳ್ತಿ. ನಾ ಒಂದು ಮಾತು ಕೇಳಿದಾಗ ನಿನಗ ಪುರಸತ್ತಿರಲಿಲ್ಲ.

ರಾಧಿಕಾ


ಶಹಾಪುರ
೧೨ ಮೇ ೨೦೨೬

ರಾಧಿಕಾ,

ಝೆರಾಕ್ಸ್ ಓದಿದೆ. ಆ ಫೋನು ನನಗ ನೆನಪಾ ಇಲ್ಲ. ನೆನಪಿಲ್ಲ ಅನ್ನೋದಾ ದೊಡ್ಡ ತಪ್ಪು ಅಂತ ಈಗ ಅನಸ್ತದ.

ನೀ ಹೇಳಿದ್ದು ಖರೇ, ಲಕೋಟಿಯೊಳಗ ಮುಗಿಯೋ ಮಾತಲ್ಲ ಇದು. ನಿನ್ನಿ ಸಗರಕ್ಕ ಹೋಗಿದ್ದೆ. ಸೋಮವಾರ ಬಸವಣ್ಣನ ವಾರ, ಎತ್ತು ಹೂಡಂಗಿಲ್ಲ, ಗಂಡಸರೆಲ್ಲಾ ಕಟ್ಟಿಮ್ಯಾಲ ಸಿಗ್ತಾರಂತ ಗೊತ್ತಿತ್ತು. ಹಣಮಂತಮ್ಮ ಆಯಿಗೂ ಹೇಳಿ ಕಳಿಸಿದ್ದೆ. ಪಟ್ಟಿ ತಗದು, ನಿನ್ನ ವಹಿಯ ಹಾಳಿ ತಗದು, ಇದ್ದ ಹಕೀಕತ್ತು ಹೇಳಿದೆ. "ಅವತ್ತ ಆ ಹುಡಿಗಿಗೆ ಅಂದ ಗಾದಿ ನನಗ ಬರೋಬರಿ ಕೂಡ್ತದ್ರಿ. ಕುಣಿಲಾರದಾಕಿ ನಾನು, ನೆಲ ಡೊಂಕಿರಲಿಲ್ಲ" ಅಂದೆ. ಈ ಸಲ ಯಾರೂ ನಗಲಿಲ್ಲ. ಹೊಳಿ ದಂಡಿ ಮಾತು ಆಡಿದವನೂ ಅಲ್ಲೇ ಇದ್ದ. ಅವನ ಕಡೆ ತಿರುಗಿ, ಆ ಮಾತು ಕೇಳಿ ಸುಮ್ಮ ಕುಂತಿದ್ದು ನನ್ನ ಎರಡನೇ ತಪ್ಪು ಅಂತ ಹೇಳಿದೆ. ಅವ ಚಪ್ಪಲಿ ಹಾಕ್ಕೊಂಡು ಎದ್ದು ಹೋದ. ಹೋಗಲಿ ಬಿಡು.

ಹಂಪಣ್ಣ ಮುತ್ಯಾಗ ಬಾಳ ಕೆಟ್ಟ ಅನಿಸಿತು. "ಹಂಗಂತ ಮಲ್ಲಯ್ಯನ ಹೆಸರಿಲ್ಲದಾ ಪಟ್ಟಿ ಹ್ಯಾಂಗ ಶುರು ಮಾಡ್ಲಿಬೇ?" ಅಂದ. "ನೀವು ಬರೀರಿ ಮುತ್ಯಾ, ತಿಳ್ಕೊಳ್ಳೋದು ನಮ್ಮ ಕೆಲಸ" ಅಂದೆ.

ಆಯಿ ವಹಿಯ ಹಾಳಿ ಕೈಯಾಗ ತಗೊಂಡು, "ಆ ಹುಡಿಗಿ ನಿನ್ನ ಕೇಳಿದ್ದಳಾ?" ಅಂದಳು. ಹೌದು ಅಂದೆ. "ನೀ ಹೇಳಲಿಲ್ಲ." ಇಲ್ಲ ಆಯಿ ಅಂದೆ. "ನಾನೂ ಇಷ್ಟು ತಿಂಗಳು ಅಕಿಗೇ ಬೈದೆನಲ್ಲೇ ಯವ್ವಾ" ಅಂತ ಸೆರಗು ಬಾಯಿಗೆ ಒತ್ಕೊಂಡಳು. ನನಗೂ ತಡಕೊಳ್ಳಾಕ ಆಗಲಿಲ್ಲ. ಕಟ್ಟಿಮ್ಯಾಲನಾ ಅತ್ತೆ. ನನ್ನ ಜೀವನದಾಗ ಮಂದಿ ಮುಂದ ಅತ್ತಿದ್ದು ಅದೊಂದಾ ಸಲ.

ಈಗ ಬರಹದ ಪುಟ ಮೂರು ಹಿಂಗದ, ಪೂರಾ ಪ್ರತಿ ಇದರ ಜೋಡಿ ಇಟ್ಟೀನಿ:

"ಪಟ್ಟಿಯ ಮೊದಲ ಸಾಲು ದೇವರ ಹೆಸರಾಗಿದ್ದರೆ ಅದನ್ನು ತಾನಾಗಿ ಸೇರಿಸಬೇಡ, ತಾನಾಗಿ ಅಳಿಸಲೂಬೇಡ. ಊರಿನವರನ್ನು ಕೇಳು. ಉತ್ತರ ಬರುವ ತನಕ ನಿಲ್ಲು. ಈ ಪ್ರಶ್ನೆ ಮೊದಲು ಕೇಳಿದವರು ಬೋನಾಳದ ರಾಧಿಕಾ ಮರಿಲಿಂಗಪ್ಪ. ಅವರಿಗೆ ಸರಿಯಾದ ಉತ್ತರ ಕೊಡದೆ ಇದ್ದದ್ದು ಈ ಬರಹ ಬರೆದ ಬಸವೇಶ್ವರಿ. ಸಗರದಲ್ಲಿ ಎರಡು ಎಕರೆ ಭತ್ತ ಒಣಗಿದ್ದು ಅದರಿಂದ."

ಸರ್ ನೋಡಿ, "ಇಷ್ಟೆಲ್ಲಾ ಮಷೀನಿಗೆ ಯಾಕ?" ಅಂದ್ರು. "ಮಷೀನಿಗೆ ಬ್ಯಾಡ್ರಿ, ನನಗ ಬೇಕು. ಇದನ್ನ ತಗದ್ರ ನನ್ನ ಹೆಸರೂ ತಗೀರಿ, ನಾ ಕೆಲಸಾನೂ ಬಿಡ್ತೀನಿ" ಅಂದೆ. ಅರವತ್ತು ಊರು ಕುತ್ತಿಗಿಮ್ಯಾಲ ಅವ, ಯಾಕ ತಗದಾರು? ಈಗ ಏಜೆಂಟು ಒಂದೊಂದು ಊರು ಹೂಡೂ ಮುಂಚೆ ನಿನ್ನ ಹೆಸರು ಓದಿನಾ ಮುಂದ ಹೋಗ್ತದ.

ಬಾ ಅಂತ ಕರಿಯೋ ಹಕ್ಕು ನನಗಿಲ್ಲ. ಆದ್ರೂ ಕರೀತೀನಿ. ನಿನ್ನ ಕುರ್ಚಿ ಖಾಲಿ ಅದ.

ಬಸ್ಸಿ


ಬೋನಾಳ
೨೧ ಜುಲೈ ೨೦೨೬

ಬಸ್ಸಿ,

ಎರಡು ತಿಂಗಳು ನಾ ಬರೀಲಿಲ್ಲ. ನಿನ್ನ ಕಾಗದ ಓದಿ ಸಿಟ್ಟು ಇಳೀತು, ಆದ್ರ ಎಲ್ಲಿಗೆ ಹೋತು ಅಂತ ತಿಳೀಲಿಲ್ಲ. ತಿಳಿಯೋ ತನಕ ಸುಮ್ಮಿದ್ದೆ.

ಹೋದ ವಾರ ಹಣಮಂತಮ್ಮ ಆಯಿ ಸುರಪುರಕ್ಕ ಬಂದು, ಮೀನು ಮಾರೋ ಕಡೆ ಬಂದು ನಮ್ಮಪ್ಪನ ಮುಂದ ನಿಂತಳಂತ. ಇವ ಮತ್ತ ಬೈತಾಳಂತ ತಲಿ ಬಗ್ಗಿಸಿದ. ಅಕಿ, "ಮರಿಲಿಂಗಪ್ಪಣ್ಣ, ಸೋಮವಾರ ನೀರು ಬಿಡ್ತಾರ. ನಿನ್ನ ಮಗಳನ್ನ ಕಳಸು, ಬಂದು ನೋಡಲಿ" ಅಂದಳಂತ. ಅಪ್ಪ ಅವತ್ತ ಅರ್ಧ ಮೀನು ಮಾರದಾ ಮನಿಗೆ ಬಂದ.

ನಿನ್ನಿ ಮುಂಜಾನಿ ಅಪ್ಪ, ನಾನು ಇಬ್ಬರೂ ಹೋಗಿದ್ವಿ. ಹಂಪಣ್ಣ ಮುತ್ಯಾ ಹೇಳಿದ. ನಿನ್ನ ಏಜೆಂಟು ಅವನ ಫೋನಿಗೆ, "ಪಟ್ಟಿಯ ಮೇಲೆ ಶ್ರೀ ಮಲ್ಲಯ್ಯ ಪ್ರಸನ್ನ ಎಂದಿದೆ, ಪಾಳಿಯಲ್ಲಿ ಸೇರಿಸಲೇ?" ಅಂತ ಕೇಳಿತ್ತಂತ. ಮುತ್ಯಾ ಕಟ್ಟಿಮ್ಯಾಲ ಎಲ್ಲಾರನ್ನೂ ಕೂಡ್ಸಿ ಓದಿದ. ಹೋದ ವರ್ಷ ದೇವರ ಪಾಳಿ ನೀರು ಹಳ್ಳಕ್ಕ ಹೋತು, ಈ ವರ್ಷ ದೇವರ ಪಾಳಿ ಹಣಮಂತಮ್ಮಗ ಕೊಡೂಣು ಅಂತ ಊರವರಾ ಠರಾವು ಮಾಡ್ಯಾರ. ಕಡೀ ಹೆಸರು ಮ್ಯಾಲ ಹೋತು, ಪಾಳಿ ಇಪ್ಪತ್ತೆಂಟಾ ಉಳದ್ವು. ಆರಕ್ಕ ತೂಬು ಎತ್ತಿದ್ರು. ಏಳು ದಾಟಿತ್ತು, ನೀರು ಆಕಿ ಗದ್ದಿಗೆ ಬಂತು. ಆಯಿ ನನ್ನ ಕೈ ಹಿಡದು ನೀರಿನಾಗ ಇಳಿಸಿದಳು. ಬದುವಿನ ಮ್ಯಾಲ ಹೋಗೋರನ್ನೆಲ್ಲಾ ಕರದು, "ನೋಡ್ರಿ, ಇಕಿನಾ ಕೇಳಿದಾಕಿ" ಅಂತ ತೋರಿಸಿದಳು. ಅಪ್ಪ ಬದುವಿನ ಮ್ಯಾಲ ನಿಂತು ಟವಲಿನಲೆ ಮಾರಿ ಒರಸ್ಕೊಂಡ. ಬೆವರು ಅಂದ. ಮಳಿ ಮೋಡ ಕವಿದಿತ್ತು, ಯಾವ ಬೆವರು?

ನಿನ್ನ ಮೂವತ್ತೊಂದು ಹಾಳಿ ಮೂರು ಸಲ ಓದೀನಿ. ಚೊಲೋ ಬರದೀದಿ, ಆದ್ರ ನೀ ಹೇಳಿದಷ್ಟು ಚೆಂದಿಲ್ಲ. ಒಂದಾ ಹೆಸರಿನವ್ರು ಇಬ್ಬರಿದ್ರ ಏನು ಮಾಡಬೇಕು? ರೈತ ತೀರಿಕೊಂಡು, ಫೋನು ಸೊಸಿ ಕೈಯಾಗಿದ್ರ? ತೂಬು ಕೆಟ್ಟು ಎರಡು ತಾಸು ನೀರು ನಿಂತ್ರ, ಆ ಎರಡು ತಾಸು ಯಾರ ಪಾಲಿಗೆ? ಇಂಥಾವು ನಲವತ್ಮೂರು ಪ್ರಶ್ನೆ ನೀಲಿ ವಹಿಯೊಳಗ ಬರದೀನಿ.

ವಹಿ ಕಳಸಂಗಿಲ್ಲ. ನಾನಾ ತರ್ತೀನಿ. ಬರೂ ಸೋಮವಾರ ಹತ್ತಕ್ಕ ಬರ್ತೀನಿ. ಪುರಸತ್ತು ಮಾಡ್ಕೊಂಡು ಕುಂದ್ರು.

ರಾಧಿಕಾ